ದುಬೈ ಕರೆ ಆಕಾಶದಲ್ಲಿ ಹೋಗುವುದಿಲ್ಲ

ಭಟ್ಕಳದ ಎಷ್ಟೋ ಮನೆಗಳಿಂದ ರಾತ್ರಿ ಊಟವಾದ ಮೇಲೆ ದುಬೈಗೆ ಬೋಟಿಮ್‌ ಆ್ಯಪ್‌ನಲ್ಲಿ ಕರೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಲು ಅಲ್ಲಿಯ ಸರಕಾರ ಬಿಡುವುದಿಲ್ಲ. ಈ ಕರೆ ಉಪಗ್ರಹಕ್ಕೆ ಏರಿ ದುಬೈನಲ್ಲಿ ಇಳಿಯುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಮಾಡಿನ ಮೇಲೆ ಟಿವಿ ಬುಟ್ಟಿ ಆಕಾಶಕ್ಕೆ ಮುಖ ಮಾಡಿ ಕೂತಿರುವಾಗ ಹಾಗನ್ನಿಸುವುದು ಸಹಜವೇ.

ಆದರೆ ಲೆಕ್ಕ ಹಾಕಿ ನೋಡಿ. ಟಿವಿ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಗೆ ಹೋಗಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಬರಬೇಕೆಂದರೆ ಅರ್ಧ ಸೆಕೆಂಡು ಬೇಕು. ನೀವು ಕೇಳಿ ಸುಮ್ಮನಾಗಿ, ಅವರು ಉತ್ತರಿಸುವ ಹೊತ್ತಿಗೆ ನೀವೇ ಮತ್ತೆ ಶುರುಮಾಡಿ, ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ. ಅದೇ ಕೇಬಲ್‌ನೊಳಗಿನ ಗಾಜಿನೆಳೆಯಲ್ಲಿ, ಎಂದರೆ ಫೈಬರ್‌ನಲ್ಲಿ, ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ದಾರಿ 3,000 ಕಿ.ಮೀ. ಎಂದಿಟ್ಟುಕೊಂಡರೂ ಹೋಗಿ ಬರಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಸಾಕು. ಖಂಡದಿಂದ ಖಂಡಕ್ಕೆ ಹೋಗುವ ಡೇಟಾದಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಸಮುದ್ರದಡಿಯ ಕೇಬಲ್‌ಗಳದ್ದೇ. ಕೆಳಮಟ್ಟದಲ್ಲಿ ಹಾರುವ ಹೊಸ ಉಪಗ್ರಹಗಳ ಕಥೆ ಬೇರೆ. ಅವೂ ಕೊನೆಗೆ ನೆಲದ ಕೇಂದ್ರಕ್ಕೆ ಇಳಿದು ಫೈಬರನ್ನೇ ಹಿಡಿಯುತ್ತವೆ.

ಹಾಗಾದರೆ ಕೇಬಲ್ ನಮ್ಮ ಕಡಲಿನಿಂದಲೇ ಹೊರಡುತ್ತದೆಯೇ? ಇಲ್ಲ. ಮುರ್ಡೇಶ್ವರದ ತೀರದಲ್ಲಿ ನಿಂತರೆ ಅರಬ್ಬಿ ಸಮುದ್ರ ಎದುರಿಗೇ ಇದೆ, ನಿಜ. ಆದರೆ ವಿದೇಶಿ ಕೇಬಲ್‌ಗಳು ದಡ ಹತ್ತುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಕೆಲವೇ ಊರುಗಳಲ್ಲಿ. ಕರ್ನಾಟಕದ ಕರಾವಳಿಗೆ ಆ ಭಾಗ್ಯ ಬಂದಿಲ್ಲ. ಮುಂಬೈಯನ್ನೂ ಯುಎಇಯ ಫುಜೈರಾವನ್ನೂ ಮುಟ್ಟುವ ಎರಡು ದೊಡ್ಡ ಕೇಬಲ್‌ಗಳೆಂದರೆ ಸೀ-ಮಿ-ವಿ 4 ಮತ್ತು ಐಮೀವಿ. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಸಮೀಪ ಕೆಂಪು ಸಮುದ್ರದಲ್ಲಿ ಈ ಎರಡಕ್ಕೂ ಪೆಟ್ಟಾದಾಗ ಭಾರತದಲ್ಲೂ ಗಲ್ಫ್‌ನಲ್ಲೂ ಇಂಟರ್ನೆಟ್ ತೆವಳಿತು. ಉಪಗ್ರಹದಲ್ಲೇ ಎಲ್ಲ ನಡೆಯುವಂತಿದ್ದರೆ ಸಮುದ್ರದಲ್ಲಿ ಏನು ತುಂಡಾದರೆ ನಮಗೇನು?

"ಟವರ್ ಸಿಗ್ನಲ್ ಫುಲ್ ಇದೆ, ನೆಟ್ ಮಾತ್ರ ಇಲ್ಲ. ಕಂಪನಿಯವರೇ ಬಂದ್ ಮಾಡಿರಬೇಕು." ಹೆದ್ದಾರಿ 66ರ ಅಗಲೀಕರಣ ನಡೆದಷ್ಟು ಕಾಲ ಭಟ್ಕಳದಿಂದ ಕುಮಟಾವರೆಗೆ ಕೇಳಿಬಂದ ಮಾತು ಇದು. ಮೊಬೈಲ್‌ನಲ್ಲಿ ಕಾಣುವ ಕಡ್ಡಿಗಳು ಹೇಳುವುದು ನಿಮ್ಮಿಂದ ಟವರ್‌ವರೆಗಿನ ಸುದ್ದಿ ಮಾತ್ರ.  ಟವರ್ ಬುಡದಿಂದ ಮುಂದಕ್ಕೆ ಫೈಬರ್, ಇಲ್ಲವೇ ಮೈಕ್ರೋವೇವ್. ಆ ಫೈಬರ್ ರಸ್ತೆ ಬದಿಯ ಮಣ್ಣಿನಲ್ಲಿದೆ, ಜೆಸಿಬಿಯ ಬಾಯಿಯೂ ಅಲ್ಲೇ. 165 ಸೆಂ.ಮೀ. ಆಳದಲ್ಲಿ ಹೂಳಬೇಕೆಂದು ನಿಯಮವಿದೆ. ಚಿರೆಕಲ್ಲು ಹಾಸಿರುವ ನಮ್ಮ ನೆಲದಲ್ಲಿ ಅಷ್ಟು ಅಗೆಯುವುದು ಸುಲಭವಲ್ಲ. ಅಗೆಯುವವರು ಮೊದಲೇ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಜೆಸಿಬಿ ಓಡಿಸುವವರ ಮೊಬೈಲ್‌ನಲ್ಲಿ ಅದು ಇದ್ದರೆ ಒಳ್ಳೆಯದಿತ್ತು.

ತುಂಡಾದದ್ದನ್ನು ಎರಡೂ ಕಡೆ ಎಳೆದು ಗಂಟು ಹಾಕಿದರಾಯಿತು ಎಂದುಕೊಳ್ಳಬೇಡಿ. ಮೊದಲು ಒಂದು ತುದಿಯಿಂದ ಬೆಳಕಿನ ಮಿಡಿತ ಬಿಟ್ಟು, ಅದು ಮರಳಿದ ಸಮಯದಿಂದ ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಓಟಿಡಿಆರ್ ಎಂಬ ಯಂತ್ರ ಹೇಳುತ್ತದೆ. ಆಮೇಲೆ ಗುಂಡಿಯ ಪಕ್ಕ ಕೊಡೆ ಹಿಡಿದು ಸ್ಪ್ಲೈಸಿಂಗ್, ಎಂದರೆ ಎಳೆಗೆ ಎಳೆ ಕೂಡಿಸುವ ಕೆಲಸ. ಎಳೆಯ ದಪ್ಪ 125 ಮೈಕ್ರಾನ್, ಎಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ಬೆಳಕು ಓಡುವ ನಡುಭಾಗ ಬರೀ 9 ಮೈಕ್ರಾನ್. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣ ನೋಡಿ ಜೋಡಿ ಹುಡುಕಿ, ಮೇಲಿನ ಲೇಪ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ, ವಿದ್ಯುತ್ ಕಿಡಿಯಲ್ಲಿ ಕರಗಿಸಿ ಕೂಡಿಸಬೇಕು. ಇಂಥವು 48 ಎಳೆ ಇದ್ದರೆ 48 ಸಲ. ತಡವೇಕೆ ಎಂದು ಬೈಯುವ ಮೊದಲು ಒಮ್ಮೆ ಆ ಗುಂಡಿಯ ಹತ್ತಿರ ಹೋಗಿ ನಿಂತು ನೋಡಬೇಕು.

ಮಳೆಗಾಲದಲ್ಲಿ ಫೈಬರ್ ನಿಧಾನವಾಗುತ್ತದೆ ಎಂಬುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಗಾಜಿನೊಳಗಿನ ಬೆಳಕಿಗೆ ಆಷಾಢವೂ ಒಂದೇ, ವೈಶಾಖವೂ ಒಂದೇ. ಒಳ್ಳೆಯ ಎಳೆಯಾದರೆ ಹೊನ್ನಾವರದಲ್ಲಿ ಬಿಟ್ಟ ಬೆಳಕು ಸುಮಾರು 20 ಕಿ.ಮೀ. ಆಚೆಯ ಕುಮಟಾ ಮುಟ್ಟುವಾಗಲೂ ಐದರಲ್ಲಿ ಎರಡು ಪಾಲು ಉಳಿದಿರುತ್ತದೆ. ಕೈಕೊಡುವುದು ಬೇರೆಯವು: ಕಂಬದ ಮೇಲೆಳೆದ ಕೇಬಲ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಹಳೆಯ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ 48 ವೋಲ್ಟ್ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ರಿಂಗಾಗುತ್ತಿತ್ತು. ಗಾಜು ಕರೆಂಟ್ ತರುವುದಿಲ್ಲ. ಮನೆಯ ಮೋಡೆಮ್‌ಗೆ ಒಂದು ಮಿನಿ ಯುಪಿಎಸ್ ಹಾಕಿದರೆ ಅರ್ಧ ದೂರು ಕಡಿಮೆಯಾಗುತ್ತದೆ.

ಗುಡುಗಿದೊಡನೆ ಫೈಬರ್ ಕೀಳುವ ಅಭ್ಯಾಸವೂ ಬೇಡ. ಸಿಡಿಲು ಗಾಜಿನಲ್ಲಿ ಬರುವುದಿಲ್ಲ, ಬರುವುದು ಕರೆಂಟಿನ ಪ್ಲಗ್‌ನಿಂದ. ಅಡಾಪ್ಟರ್ ತೆಗೆಯಿರಿ. ಫೈಬರ್ ಕಿತ್ತರೆ ತುದಿಗೆ ಧೂಳು ಕೂತು ಬೆಳಕು ತಡೆಯುತ್ತದೆ, ಅಷ್ಟೇ. ಹಾಗೆಂದು ಒಳಗೆ ಬೆಳಕಿದೆಯೇ ಎಂದು ಆ ತುದಿಗೆ ಕಣ್ಣಿಡಬೇಡಿ: ಅದು ಇನ್ಫ್ರಾರೆಡ್, ಕಣ್ಣಿಗೆ ಕಾಣುವುದೇ ಇಲ್ಲ. ಮೋಡೆಮ್‌ನಲ್ಲಿ ಮಿನುಗುವ ಕೆಂಪು ದೀಪ ಬೆಳಕು ಬಂದದ್ದರ ಗುರುತಲ್ಲ, ಬರುತ್ತಿಲ್ಲ ಎಂಬುದರದ್ದು.

ಕೊನೆಯದು ಕಳ್ಳರ ತಪ್ಪು ಕಲ್ಪನೆ. ಒಳಗೆ ತಾಮ್ರ ಇದೆಯೆಂದು ರಾತ್ರಿ ಕೇಬಲ್ ಕತ್ತರಿಸಿ, ಗುಜರಿಗೂ ಬೇಡದ ಪ್ಲಾಸ್ಟಿಕ್ಕು, ಗಾಜು ಹಿಡಿದು ನಿಲ್ಲುವವರಿದ್ದಾರೆ. ತಾಮ್ರವಿರುವುದು ಸಮುದ್ರದಡಿಯ ದೂರದ ಕೇಬಲ್‌ಗಳಲ್ಲಿ. ದಾರಿಯುದ್ದಕ್ಕೂ ಬೆಳಕಿಗೆ ಬಲ ತುಂಬುವ ರಿಪೀಟರ್‌ಗಳಿಗೆ ಕರೆಂಟ್ ಮುಟ್ಟಿಸಲು. ಅದು ಬೇಕೆಂದರೆ ಸಾವಿರಾರು ಮೀಟರ್ ಆಳಕ್ಕೆ ಇಳಿಯಬೇಕು, ಸಾವಿರಾರು ವೋಲ್ಟ್ ಹರಿಯುವಲ್ಲಿ ಕತ್ತಿ ಹಾಕಬೇಕು.