ಎಣ್ಣೆ ಬಿಟ್ಟರೆ ಏರ್‌ಗನ್ ಹೊಗೆಯುಗುಳುವುದೇಕೆ?

ನರಸಿಂಹರಾಜಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಮಂಗ ಓಡಿಸಲು ಇಟ್ಟುಕೊಂಡಿದ್ದ ಅವರ ಏರ್‌ಗನ್ ಮಳೆಗಾಲ ಕಳೆಯುವಷ್ಟರಲ್ಲಿ ಬಿಗಿಯಾಗಿತ್ತಂತೆ. ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕಾರು ಹನಿ ಬಿಟ್ಟು ಮಡಚಿ ಹೊಡೆದರೆ, ಮೊದಲ ಈಡೇ ಕೇಪಿನ ಕೋವಿಯ ಹಾಗೆ ಢಮ್ಮೆಂದು ನಳಿಗೆಯ ಬಾಯಲ್ಲಿ ಹೊಗೆಯಾಡಿತು. "ಮದ್ದೇ ಇಲ್ಲದ ಕೋವಿಯಲ್ಲಿ ಹೊಗೆ ಎಲ್ಲಿಂದ ಬಂತು ಸಾರ್? ಎಣ್ಣೆ ಬಿಟ್ರೆ ಬಲ ಜಾಸ್ತಿ ಆಗ್ತದಾ? ಮೊಬೈಲಲ್ಲಿ ಟರ್ಕಿಯ ಏರ್‌ಗನ್ನು ಸೆಕೆಂಡಿಗೆ 1250 ಅಡಿ ಹೋಗ್ತದೆ ಅಂತ ತೋರಿಸ್ತಾರೆ. ನಮ್ಮದನ್ನ ಅಷ್ಟಕ್ಕೆ ತರಬಹುದಾ?"

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳಿಗೆ ಏರ್‌ಗನ್ ಹೊಸದಲ್ಲ. ಲೈಸೆನ್ಸಿನ ಕೋವಿಯಾದರೆ ನವೀಕರಣಕ್ಕೆ ಓಡಾಡಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು. ಕಾನೂನಿನ ಮಿತಿಯೊಳಗಿನ ಏರ್‌ಗನ್ನಿಗೆ ಆ ತಾಪತ್ರಯವಿಲ್ಲ. ಅದನ್ನು ಆಟಿಕೆಯೆಂದು ಬಗೆಯುವವರೂ ಇದ್ದಾರೆ. ಆದರೆ ಅದರೊಳಗೆ ನಡೆಯುವ ಭೌತವಿಜ್ಞಾನ ತೋಟಾ ಕೋವಿಯದಕ್ಕಿಂತ ಸ್ವಾರಸ್ಯವಾದದ್ದು, ಒಂದು ಲೆಕ್ಕದಲ್ಲಿ ಹೆಚ್ಚು ಜಟಿಲವೂ ಹೌದು.

ಹೆಸರು ಏರ್‌ಗನ್ ಎಂದಿದ್ದರೂ ಮಡಚಿ ಹೊಡೆಯುವ ಈ ಮಾದರಿಯಲ್ಲಿ ಗಾಳಿಯನ್ನು ಮೊದಲೇ ತುಂಬಿಡುವುದಿಲ್ಲ. ನಳಿಗೆಯನ್ನು ಕೆಳಕ್ಕೆ ಎಳೆದಾಗ ಪಿಸ್ಟನ್ ಹಿಂದೆ ಸರಿದು ದಪ್ಪ ಸ್ಪ್ರಿಂಗೊಂದನ್ನು ಒತ್ತಿ ನಿಲ್ಲುತ್ತದೆ. ಟ್ರಿಗರ್ ಒತ್ತಿದೊಡನೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ದೂಡುತ್ತದೆ. ಎದುರಿಗಿದ್ದ ಸಾಮಾನ್ಯ ಗಾಳಿ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಹಿಂಡಿಹೋಗಿ ಪೆಲೆಟ್ಟನ್ನು ತಳ್ಳುತ್ತದೆ. ಹಿಂಡಿದ ಗಾಳಿ ಕಾಯುತ್ತದೆ, ಇಷ್ಟು ಬೇಗ ಹಿಂಡಿದರೆ ಅದಕ್ಕೆ ತನ್ನ ಶಾಖವನ್ನು ಸುತ್ತಲಿನ ಲೋಹಕ್ಕೆ ಬಿಟ್ಟುಕೊಡಲು ಪುರಸೊತ್ತಿಲ್ಲ. ಸೈಕಲ್ ಪಂಪು ಹೊಡೆಯುವಾಗ ಅದರ ತಳ ಕೈಗೆ ಬಿಸಿ ಹತ್ತುವುದೂ ಗಾಳಿ ಹೀಗೆ ಕಾಯುವುದರಿಂದಲೇ, ಅಲ್ಲಿ ನಿಧಾನಕ್ಕೆ, ಇಲ್ಲಿ ಮಿಂಚಿನಂತೆ. ಎಷ್ಟು ಬಿಸಿ ಎಂದು ಲೆಕ್ಕ ಹಾಕಬಹುದು. 27 ಡಿಗ್ರಿಯ ಗಾಳಿಯನ್ನು ಅದರ ಗಾತ್ರದ ಇಪ್ಪತ್ತನೇ ಒಂದು ಭಾಗಕ್ಕೆ ಹಿಂಡಿದರೆ, ಸೋರಿಕೆಯನ್ನೂ ಗೋಡೆ ಹೀರುವ ಶಾಖವನ್ನೂ ಬಿಟ್ಟು ಹಿಡಿದರೆ, ಉಷ್ಣತೆ 720 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒತ್ತಡ ವಾತಾವರಣದ ಒತ್ತಡದ 66 ಪಟ್ಟು. ನಿಜವಾದ ಕೋವಿಯಲ್ಲಿ ಸೋರಿಕೆ ಇದ್ದೇ ಇರುತ್ತದೆ, ಆದರೂ ಎಣ್ಣೆಯ ಆವಿ ಹೊತ್ತಿಕೊಳ್ಳಲು ಬೇಕಾದ ಬಿಸಿಗಿಂತ ಇದು ಬಹಳ ಹೆಚ್ಚು.

ಹಿಂಡಿದ ಗಾಳಿಯಿಂದ ಬೆಂಕಿ ಹುಟ್ಟಿಸುವುದು ಮನುಷ್ಯನಿಗೆ ಹಳೆಯ ವಿದ್ಯೆ. ಆಗ್ನೇಯ ಏಷ್ಯಾದ ಕಾಡುಜನ ಕೊಂಬು, ಬಿದಿರುಗಳ ಪುಟ್ಟ ಕೊಳವೆಯಲ್ಲಿ ದಂಟನ್ನು ಥಟ್ಟನೆ ಗುದ್ದಿ ಅದರ ತುದಿಯ ನಾರಿಗೆ ಕಿಡಿ ಹತ್ತಿಸುತ್ತಿದ್ದರು. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಕಟ್ಟಿದ ಎಂಜಿನ್ನೂ ಇದೇ ತತ್ತ್ವದ್ದು: ಕಿಡಿಯ ಪ್ಲಗ್ಗಿಲ್ಲದೆ, ಹಿಂಡಿದ ಗಾಳಿಯ ಬಿಸಿಗೇ ಇಂಧನ ಉರಿಯುತ್ತದೆ. ನಮ್ಮ ಓದುಗರ ಏರ್‌ಗನ್ ಅವತ್ತು ಒಂದು ಕ್ಷಣದ ಮಟ್ಟಿಗೆ ಡೀಸೆಲ್ ಎಂಜಿನ್ ಆಗಿತ್ತು. ಬಂದೂಕು ಬಲ್ಲವರು ಇದನ್ನು ಡೀಸೆಲಿಂಗ್ ಎಂದೇ ಕರೆಯುತ್ತಾರೆ. ಹೊಗೆ ಬಂದದ್ದು ಹೊಲಿಗೆ ಮಿಷನ್ನಿನ ಎಣ್ಣೆಯಿಂದ.

ಇದನ್ನು ಪ್ರಯೋಗ ಮಾಡಿ ಪತ್ತೆಹಚ್ಚಿದವರು ಇಂಗ್ಲೆಂಡಿನ ತಂದೆ-ಮಗ, ಜಿ. ವಿ. ಕಾರ್ಡ್ಯೂ ಮತ್ತು ಜಿ. ಎಂ. ಕಾರ್ಡ್ಯೂ. ನನಗೆ ಬಹಳ ಪ್ರಿಯವಾದ ಪ್ರಯೋಗ ಇವರದು. ದೊಡ್ಡ ಪ್ರಯೋಗಾಲಯವಿಲ್ಲ, ಸರ್ಕಾರದ ಹಣವಿಲ್ಲ. 1976ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಏರ್‌ಗನ್ನಿನ ಈಡನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಪೆಲೆಟ್ ಸಡಿಲವಾಗಿ ಕೂತು ಗಾಳಿಗೆ ಸುಮ್ಮನೆ ಊದಿಕೊಂಡು ಹೋಗುವುದು ಒಂದು ಬಗೆ. ಒತ್ತಡ ಬೆಳೆದ ಮೇಲೆ ಬಿಡಿಸಿಕೊಂಡು ಹಾರುವುದು ಇನ್ನೊಂದು. ಮೂರನೆಯದರಲ್ಲಿ ಪಿಸ್ಟನ್ನಿನ ಅಂಚಿನ ತೆಳು ಎಣ್ಣೆ ಉರಿದು ಒತ್ತಾಸೆ ಕೊಡುತ್ತದೆ. ನಾಲ್ಕನೆಯದು ಎಣ್ಣೆ ಅತಿಯಾಗಿ ಒಮ್ಮೆಲೇ ಸಿಡಿಯುವುದು, ನಮ್ಮ ಓದುಗರಿಗೆ ಆದದ್ದು.

ಎಣ್ಣೆ ನಿಜಕ್ಕೂ ಉರಿಯುತ್ತದೆಂದು ತೋರಿಸುವುದು ಹೇಗೆ? ಕಾರ್ಡ್ಯೂಗಳ ಉಪಾಯ ಸರಳ. ಉರಿಯಲು ಆಮ್ಲಜನಕ ಬೇಕು, ಅದನ್ನೇ ತೆಗೆದುಬಿಟ್ಟರೆ? ರೈಫಲ್ಲನ್ನು ಶುದ್ಧ ನೈಟ್ರೋಜನ್ ತುಂಬಿದ ಆವರಣದಲ್ಲಿಟ್ಟು ಹೊಡೆದರು. ಸ್ಪ್ರಿಂಗ್ ಅದೇ, ಪೆಲೆಟ್ ಅದೇ, ಹಿಂಡುವಿಕೆಯೂ ಅದೇ. ವೇಗ ಮಾತ್ರ ಗಣನೀಯವಾಗಿ ಕುಸಿಯಿತು. ಗಾಳಿಯಲ್ಲಿ ಸಿಗುತ್ತಿದ್ದ ಬಲದ ಒಂದು ಪಾಲು ಸ್ಪ್ರಿಂಗಿನದಲ್ಲ, ಎಣ್ಣೆಯದು ಎಂದು ಅವರು ತೀರ್ಮಾನಿಸಿದರು. ತೆಳುವಾಗಿ ಗ್ರೀಸ್ ಹಾಕಿದ ಇಂದಿನ ರೈಫಲ್ಲುಗಳಿಗೆ ಈ ಮಾತು ಅಷ್ಟಾಗಿ ಒಪ್ಪುವುದಿಲ್ಲವೆಂದು ಆಮೇಲೆ ಕೆಲವರು ವಾದಿಸಿದ್ದಾರೆ. ಪಿಸ್ಟನ್ನಿನ ತುದಿಯ ಚರ್ಮದ ವಾಷರಿಗೆ ಎಣ್ಣೆ ಕುಡಿಸುತ್ತಿದ್ದ ಕಾಲದ ರೈಫಲ್ಲು ಅವರದು, ಆದ್ದರಿಂದ ಆ ವಾದದಲ್ಲಿ ತಿರುಳಿದೆ ಎನಿಸುತ್ತದೆ. ಆದರೂ ನೈಟ್ರೋಜನ್ನಿನ ಆ ಒಂದು ಉಪಾಯ ವಿಜ್ಞಾನ ಕಲಿಯುವ ಪ್ರತಿಯೊಬ್ಬ ಹುಡುಗ ಹುಡುಗಿಗೂ ಗೊತ್ತಿರಬೇಕಾದದ್ದು.

ಹಾಗಾದರೆ ಎಣ್ಣೆ ಬಿಟ್ಟು ಬಲ ಹೆಚ್ಚಿಸಿಕೊಳ್ಳಬಹುದಲ್ಲ? ಖಂಡಿತ ಬೇಡ. ಎಣ್ಣೆ ಈ ಈಡಿಗೆ ಎಷ್ಟು ಉರಿಯಿತು, ಮುಂದಿನದಕ್ಕೆ ಎಷ್ಟು ಉಳಿಯಿತು ಎಂಬುದು ಯಾರ ಹಿಡಿತದಲ್ಲೂ ಇಲ್ಲ. ಒಂದು ಪೆಲೆಟ್ ಸೆಕೆಂಡಿಗೆ 320 ಮೀಟರ್, ಇನ್ನೊಂದು 260 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಗಾಳಿಯ ತಡೆ ಲೆಕ್ಕಿಸದಿದ್ದರೂ 30 ಮೀಟರ್ ದೂರದಲ್ಲಿ ಮೊದಲನೆಯದು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು, ಎರಡನೆಯದು ಆರೂವರೆ ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎರಡು ಸೆಂಟಿಮೀಟರಿನ ಈ ಅಂತರಕ್ಕೆ ಗುರಿಕಾರನ ಕೈ ಕಾರಣವಲ್ಲ. ಜೊತೆಗೆ ಆ ಸಿಡಿತ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ, ವಾಷರನ್ನು ಸುಡುತ್ತದೆ, ಸ್ಪ್ರಿಂಗಿನ ಸುರುಳಿ ಮುರಿಯುವುದೂ ಉಂಟು.

ಇನ್ನು 1250 ಅಡಿಯ ಮಾತು. ಅದು ಸೆಕೆಂಡಿಗೆ 381 ಮೀಟರ್, ಶಬ್ದದ ವೇಗಕ್ಕಿಂತ ಹೆಚ್ಚು. ಸೊಂಟ ಸಣ್ಣಗಿರುವ ಪೆಲೆಟ್ ಶಬ್ದದ ವೇಗದ ಆಸುಪಾಸಿನಲ್ಲಿ ತೂರಾಡತೊಡಗುತ್ತದೆ, ಗುರಿ ಕೆಡುತ್ತದೆ. ಆದ್ದರಿಂದ ಒಳ್ಳೆಯ ಗುರಿಕಾರರು ಆ ವೇಗವನ್ನು ಬಯಸುವುದೇ ಇಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಪೆಲೆಟ್ ಹೋಗುವುದು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆ ಅದು, ಅಲ್ಲಿ ಹತ್ತರ ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! ಡಬ್ಬಿಯ ಮೇಲೆ ಅಚ್ಚಾಗುವ ದೊಡ್ಡ ವೇಗಗಳು ಸಾಮಾನ್ಯವಾಗಿ ಸೀಸವಿಲ್ಲದ ಹಗುರ ಪೆಲೆಟ್ಟಿನಿಂದ ಬಂದವು. ತೋಟದಲ್ಲಿ ಬಳಸುವ ಸೀಸದ ಪೆಲೆಟ್ ಹಾಕಿದರೆ ಅಂಕಿ ತಾನಾಗಿ ಇಳಿಯುತ್ತದೆ. ವೇಗದ ಜಾಹೀರಾತು ನಂಬಿ ರೈಫಲ್ ಆರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಕಾನೂನೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಿಯಲ್ಲಿ 20 ಜೂಲ್ ಮೀರಿದ ಅಥವಾ 4.5 ಮಿಲಿಮೀಟರಿಗಿಂತ ದೊಡ್ಡ ಬೋರಿನ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಅದಕ್ಕೂ ಹಿಂದಿನ ನಿಯಮದಲ್ಲಿ ಜೂಲ್ ಇರಲಿಲ್ಲ, ಒಂದು ಅಂಗುಲ ದಪ್ಪದ ಹಲಗೆಯನ್ನು ತೂರಿ ಹೋಗಬಾರದೆಂಬ ಪರೀಕ್ಷೆಯಿತ್ತು. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 283 ಮೀಟರ್ ಹೋದರೆ ಸರಿಯಾಗಿ 20 ಜೂಲ್. ಸ್ಪ್ರಿಂಗ್ ಬದಲಿಸಿ ಅದನ್ನು ದಾಟಿಸಿದವರ ಕೈಯಲ್ಲಿ ಇರುವುದು ಲೈಸೆನ್ಸಿಲ್ಲದ ಆಯುಧ.

ಟರ್ಕಿಯ ರೈಫಲ್ಲುಗಳ ಹೆಸರು ಹಬ್ಬಿದ್ದಕ್ಕೆ ಕಾರಣ ಬೆಲೆ. ಆ ದೇಶದ ಕೊನ್ಯಾ ಪ್ರಾಂತ್ಯದಲ್ಲಿ ಬೇಯ್ಶೆಹಿರ್ ಸರೋವರದ ಕಡೆ ಹೂಲು, ಉಜುಮ್ಲು ಎಂಬ ಊರುಗಳಿವೆ. ಅಲ್ಲಿ ಕೋವಿ ಕೆಲಸವೇ ಊರಿನ ಕಸುಬು, ಹೂಲುವಿನವರು 1962ರಲ್ಲಿ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಕ್ರಾಲ್ ಸಂಸ್ಥೆ ಆ ಸೀಮೆಯದು. ಏರ್‌ರೈಫಲ್ಲಿಗೆ ಹೆಸರಾದ ಹತ್ಸಾನ್ 1976ರಲ್ಲಿ ಇಜ್ಮಿರ್‌ನಲ್ಲಿ ಶುರುವಾಯಿತು. ಜರ್ಮನಿಯ ಡಯಾನಾ, ವೈರಾಖ್‌ಗಳ ಅರ್ಧದಷ್ಟು ದುಡ್ಡಿಗೂ ಸಿಗುವ ಇವುಗಳಲ್ಲಿ ನಳಿಗೆ ಚೆನ್ನಾಗಿರುತ್ತದೆ, ಉಕ್ಕು ದಪ್ಪವಿರುತ್ತದೆ. ಉಳಿತಾಯವಾಗಿರುವುದು ನಯಗೆಲಸದಲ್ಲಿ. ಒಳಗಿನ ಅಂಚುಗಳಲ್ಲಿ ಗರಗಸದ ಹಲ್ಲಿನಂತೆ ಬರ್ ಉಳಿದಿರುವುದು, ಸ್ಪ್ರಿಂಗ್ ತನ್ನ ಒಳಸರಳಿನ ಮೇಲೆ ಸಡಿಲವಾಗಿ ಅಲ್ಲಾಡುವುದು, ಎಲ್ಲೆಂದರಲ್ಲಿ ಗ್ರೀಸು ಮೆತ್ತಿರುವುದು ಇವುಗಳನ್ನು ಬಿಚ್ಚಿದವರೆಲ್ಲ ಹೇಳುವ ದೂರು. ಹೊರದೇಶದ ಏರ್‌ರೈಫಲ್ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ, ಆದ್ದರಿಂದ ಮಲೆನಾಡಿನ ಮನೆಗಳಲ್ಲಿ ಇರುವುದು ಬಹುಪಾಲು ದೇಶದಲ್ಲೇ ಮಾಡಿದವು. ಅಗ್ಗದ ದೇಶೀ ಏರ್‌ಗನ್ನಿನ ಕೊರತೆಯೂ ಇದೇ, ಆದ್ದರಿಂದ ಎರಡಕ್ಕೂ ಔಷಧಿ ಒಂದೇ.

ಆ ಔಷಧಿಗೆ ಟ್ಯೂನಿಂಗ್ ಎನ್ನುತ್ತಾರೆ. ಟ್ಯೂನಿಂಗ್ ಎಂದರೆ ಬಲ ಹೆಚ್ಚಿಸುವುದು ಎಂದು ನಮ್ಮ ಲೇತ್ ಅಂಗಡಿಗಳಲ್ಲಿ ತಿಳಿದಿದ್ದಾರೆ. ಗಟ್ಟಿ ಸ್ಪ್ರಿಂಗ್ ತುರುಕಿ ಕೊಡುತ್ತಾರೆ. ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಪೆಲೆಟ್ಟಿಗೆ ತಲುಪುವುದು ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ಶಾಖ, ಕಂಪನ, ಒದೆತಗಳಾಗಿ ಪೋಲಾಗುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಪೋಲೂ ಹೆಚ್ಚು. ನಿಜವಾದ ಟ್ಯೂನಿಂಗ್ ಎಂದರೆ ಪ್ರತಿ ಈಡೂ ಹಿಂದಿನದರಂತೆಯೇ ಇರುವ ಹಾಗೆ ಮಾಡುವುದು. ವಾಷರನ್ನು ಹೆರೆಯುವ ಅಂಚುಗಳನ್ನು ಅರದಿಂದ ನಯಗೊಳಿಸಬೇಕು, ಸ್ಪ್ರಿಂಗಿನ ತುದಿ ಚಪ್ಪಟೆಯಾಗಿ ಕೂರಬೇಕು, ಒಳಸರಳು ಬಿಗಿಯಾಗಿರಬೇಕು. ಇಷ್ಟಕ್ಕೇ ಹೊಡೆದ ಮೇಲೆ ಕೇಳುವ 'ಝಂಯ್' ಎಂಬ ಕಂಪನ ಮಾಯವಾಗುತ್ತದೆ. ಪಿಸ್ಟನ್ನಿನ ಪಕ್ಕಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸನ್ನು ಬೆರಳಿನಲ್ಲಿ ಸವರಿದಷ್ಟು, ಸ್ಪ್ರಿಂಗಿಗೆ ಅಂಟು ಗ್ರೀಸು ಸ್ವಲ್ಪ, ಪಿಸ್ಟನ್ನಿನ ಮುಂದುಗಡೆಗೆ ಏನೂ ಬೇಡ. ಕೊಬ್ಬರಿ ಎಣ್ಣೆಯಂತೂ ಯಾವ ಕಾಲಕ್ಕೂ ಬೇಡ. ಬಿಚ್ಚುವಾಗ ಒಂದು ಎಚ್ಚರ: ಸ್ಪ್ರಿಂಗ್ ಆರಾಮಾಗಿದ್ದಾಗಲೂ ಒಳಗೆ ಒತ್ತಿಕೊಂಡೇ ಕೂತಿರುತ್ತದೆ. ಹಿಡಿದಿಡುವ ಕ್ಲಾಂಪ್ ಇಲ್ಲದೆ ಪಿನ್ನು ತೆಗೆದರೆ ಮುಖಕ್ಕೆ ಹಾರುತ್ತದೆ.

ಟ್ಯೂನ್ ಮಾಡಿದ ರೈಫಲ್ಲನ್ನೂ ಹಿಡಿಯುವ ಕ್ರಮ ಬೇರೆ. ತೋಟಾ ಕೋವಿಯನ್ನು ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿದು ಅಭ್ಯಾಸವಾದವರು ಇಲ್ಲಿ ತಪ್ಪುತ್ತಾರೆ. ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಶುರುವಾಗುತ್ತದೆ. ಬಿಗಿಹಿಡಿತ ಪ್ರತಿಸಲ ಬೇರೆಬೇರೆ, ಆದ್ದರಿಂದ ಪೆಲೆಟ್ ಬೀಳುವ ಜಾಗವೂ ಬೇರೆಬೇರೆ. ಅಂಗೈ ತೆರೆದು ಅದರ ಮೇಲೆ ರೈಫಲ್ಲನ್ನು ಸುಮ್ಮನೆ ಮಲಗಿಸಿ, ಅದು ತನ್ನಷ್ಟಕ್ಕೆ ಸರಿದಾಡಲು ಬಿಡಬೇಕು. ಅಮೆರಿಕದ ಏರ್‌ಗನ್ ಲೇಖಕ ಟಾಮ್ ಗೇಲಾರ್ಡ್ ಇದಕ್ಕೆ ಫಿರಂಗಿ ಹಿಡಿತವೆಂದು ಹೆಸರಿಟ್ಟರು. ಈ ಹಿಂದುಮುಂದಿನ ಎಳೆದಾಟದಿಂದಲೇ ಸಾಧಾರಣ ದುರ್ಬೀನುಗಳು ಏರ್‌ಗನ್ನಿನ ಮೇಲೆ ಬೇಗ ಕೆಡುತ್ತವೆ.

ಮಂಗನ ವಿಷಯ ಹೇಳದೆ ಬಿಡುವಂತಿಲ್ಲ. ಸದ್ದಿಗೆ ಹೆದರಿಸುವುದು ಬೇರೆ, ಮೈಗೆ ಹೊಡೆಯುವುದು ಬೇರೆ. ಮಂಗ, ಕೆಂದಳಿಲು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅರ್ಧ ಗ್ರಾಂ ಸೀಸ ಸಾಮಾನ್ಯವಾಗಿ ಮಂಗನನ್ನು ತಕ್ಷಣ ಕೊಲ್ಲುವುದಿಲ್ಲ, ಗಾಯಮಾಡಿ ಕಾಡಿಗೆ ಕಳಿಸುತ್ತದೆ. ಅದು ಹಲವು ದಿನ ನರಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ನಮ್ಮ ಈ ತಾಲ್ಲೂಕುಗಳನ್ನೂ ಕಾಡಿದೆ. ಸೋಂಕಿರುವ ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲ ನೆಲವನ್ನೇ ಅಪಾಯದ ಜಾಗ ಮಾಡುತ್ತವೆ. ತೋಟದಂಚಿನಲ್ಲಿ ಅಂಥ ಜಾಗ ಮಾಡಿಕೊಳ್ಳುವುದು ಯಾರಿಗೂ ಬೇಡ. ತಗಡಿನ ಡಬ್ಬಿಗೋ ಕಾಗದದ ಗುರಿಗೋ ಹೊಡೆದರೆ ಏರ್‌ಗನ್ ಚೆಂದ, ಮಂಗನನ್ನು ಓಡಿಸಲು ಅದರ ಸದ್ದು ಸಾಕು.

ಕೊನೆಗೆ ಮಳೆ. ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಕೊಪ್ಪದ ಆಷಾಢದಲ್ಲಿ ಮರದ ಸ್ಟಾಕ್ ಉಬ್ಬುತ್ತದೆ, ಸ್ಕ್ರೂ ಬಿಗುವು ಬದಲಾಗುತ್ತದೆ, ನಳಿಗೆಯೊಳಗೆ ತುಕ್ಕು ಕೂರುತ್ತದೆ, ದುರ್ಬೀನಿನ ಗಾಜಿನಲ್ಲಿ ಬೂಷ್ಟು. ಆದ್ದರಿಂದ ನಳಿಗೆಗೆ ಎಣ್ಣೆ ಸವರಿಡುವುದು ತಪ್ಪಲ್ಲ, ಅಗತ್ಯವೇ. ಆದರೆ ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಹಿಂದಕ್ಕೆ ಜಾರಿ ಸಿಲಿಂಡರ್ ಸೇರುತ್ತದೆ. ಬಾಯಿ ಕೆಳಗೆ ಮಾಡಿ ಇಡಿ, ಇಲ್ಲವೇ ಅಡ್ಡ ಮಲಗಿಸಿ. ಹೊಡೆಯುವ ಮುನ್ನ ಒಣಬಟ್ಟೆಯನ್ನು ನಳಿಗೆಯಲ್ಲಿ ಎಳೆದು ಒರೆಸಿ, ಮೊದಲ ಹತ್ತು ಹದಿನೈದು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟಾದ ಮೇಲೂ ಹೊಗೆ ನಿಲ್ಲದಿದ್ದರೆ ಎಣ್ಣೆ ಪಿಸ್ಟನ್ನಿನ ಮುಂದೆ ನಿಂತಿದೆ ಎಂದರ್ಥ. ಆಗ ತಿಳಿದವರ ಕೈಯಲ್ಲಿ ಬಿಚ್ಚಿಸಿ, ಸಿಲಿಂಡರ್ ಒರೆಸಿ, ವಾಷರ್ ಸುಟ್ಟಿದೆಯೇ ನೋಡಿಸಿಯೇ ಮತ್ತೆ ಹೊಡೆಯಬೇಕು.