ಗಾಳಿಪಟದಿಂದ ಸರೋವರದ ತೆಪ್ಪದವರೆಗೆ

ಆಷಾಢದ ಗಾಳಿ ಬೀಸತೊಡಗಿದೊಡನೆ ರಾಜಾಜಿನಗರ, ವಿಜಯನಗರಗಳ ತಾರಸಿಗಳಲ್ಲಿ ಗಾಳಿಪಟವನ್ನೇರಿಸಿ, ದಾರದ ಸೆಳೆತವನ್ನು ಬೆರಳಿನಿಂದಲೇ ಅರಿತವರಿಗೆ, ಗಾಳಿಯು ಭಾರವನ್ನು ಹೊರುವ ಬಗೆಯನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ಆ ಪಟವೇ ಮನುಷ್ಯನನ್ನು ಹೊರುವಷ್ಟು ವಿಸ್ತಾರವಾಯಿತೆಂದು ಭಾವಿಸಿರಿ. ಎಂಜಿನ್ನಿಲ್ಲ, ಗಟ್ಟಿಯಾದ ಚೌಕಟ್ಟಿಲ್ಲ. ಮುಂದಣ ಅಂಚಿನ ಬಾಯಿಗಳಿಂದ ಒಳನುಗ್ಗಿದ ಗಾಳಿಯೇ ಬಟ್ಟೆಯನ್ನು ಉಬ್ಬಿಸಿ ರೆಕ್ಕೆಯನ್ನಾಗಿಸುವ ಈ ಸಾಧನವೇ ಪ್ಯಾರಾಗ್ಲೈಡರ್.

ಇದರಿಂದ ಆಕಾಶದಲ್ಲಿ ಲಾಗ ಹಾಕುವವರಿಗೆ ವಿಶ್ವಮಟ್ಟದ ಸ್ಪರ್ಧೆಗಳುಂಟು. 2006ರಲ್ಲಿ ಸ್ವಿಟ್ಜರ್ಲೆಂಡಿನ ವಿಲ್ನವ್ ಎಂಬಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೇ ಜರುಗಿತು.

ಸ್ಪೇನಿನ ರಾವುಲ್ ರೊಡ್ರಿಗೆಸ್ ಮತ್ತು ಸಂಗಡಿಗರು ರೂಪಿಸಿದ ‘ಸ್ಯಾಟ್’ ಎಂಬ ವರಸೆಯನ್ನು ನೋಡಿರಿ. ಹಾರಾಟಗಾರನೂ ರೆಕ್ಕೆಯೂ ತಮ್ಮ ನಡುವಣ ಅದೃಶ್ಯವಾದ ಅಕ್ಷವೊಂದನ್ನು ಸುತ್ತುತ್ತಿರಲು, ರೆಕ್ಕೆಯು ಮುಂದಕ್ಕೆ ಚಲಿಸಿದರೆ ಆತನು ಬೆನ್ನು ಮುಂದಾಗಿ ಹಿಂದಕ್ಕೆ ಸಾಗುತ್ತಾನೆ. ಅದೇ ಭ್ರಮಣವನ್ನು ಲಯವರಿತು ಬೆಳೆಸಿದರೆ, ತಲೆಯ ಮೇಲಿದ್ದ ರೆಕ್ಕೆಯನ್ನೇ ದಾಟಿ ಮತ್ತೆ ಮತ್ತೆ ಉರುಳುವ ‘ಟಂಬ್ಲಿಂಗ್’ ಸಿದ್ಧಿಸುತ್ತದೆ. ಮನುಷ್ಯದೇಹಕ್ಕೆ ಇಂತಹ ನರ್ತನವೂ ಸಾಧ್ಯವೆಂಬುದು ನನಗೆ ಇಂದಿಗೂ ಪರಮ ವಿಸ್ಮಯ!

ಆದರೆ ಇದು ಕೇವಲ ಸಾಹಸವಲ್ಲ. ಎಡವಿದರೆ ಬಿಚ್ಚಿಕೊಳ್ಳಲೆಂದು ಎರಡು ಆಪತ್ಕಾಲದ ಪ್ಯಾರಾಚೂಟುಗಳನ್ನು ಧರಿಸಿ, ಕೆಳಗೆ ನೀರಿರುವಂತೆ ಬಹುಮಟ್ಟಿಗೆ ಸರೋವರದ ಮೇಲೆಯೇ ಹಾರುತ್ತಾರೆ. ತೀರ್ಪುಗಾರರು ವರಸೆಯ ನಿಖರತೆಯನ್ನೂ, ಒಂದರಿಂದ ಇನ್ನೊಂದಕ್ಕೆ ಹರಿಯುವ ಸಂಯೋಜನೆಯನ್ನೂ ತೂಗಿದ ಬಳಿಕ, ಕಡೆಗೆ ಇಳಿಯುವಿಕೆಯನ್ನೂ ಎಣಿಸುತ್ತಾರೆ. ಅಷ್ಟು ತಿರುಗಿದ ತಲೆಯನ್ನು ಸ್ಥಿಮಿತಕ್ಕೆ ತಂದುಕೊಂಡು, ನೀರಿನ ನಡುವೆ ತೇಲುವ ತೆಪ್ಪದ ಮೇಲೆ ಆತನು ಮೆಲ್ಲನೆ ಕಾಲೂರುತ್ತಾನೆ.