ನಮ್ಮ ಸಿಮ್ಮು ಇತವಾರಿಯಲ್ಲಿ ಯಾರ ಬಾಗಿಲು ತಟ್ಟುತ್ತದೆ?

ರಾಯಚೂರಿನಲ್ಲಿ ಕೊಂಡ ಸಿಮ್ಮು ಇತವಾರಿಗೆ ಬಂದರೆ ಪರದೇಶಿ. ದಾರಿಯಲ್ಲಿ ಆಂಧ್ರ ವಲಯ ದಾಟಿ (ತೆಲಂಗಾಣವೂ ಅದರಲ್ಲೇ ಸೇರಿದೆ), ಬಲ್ಲಾರ್ಷಾದ ಹತ್ತಿರ ಮಹಾರಾಷ್ಟ್ರ ವಲಯ ಹೊಕ್ಕಿರುತ್ತದೆ. ಇಲ್ಲಿ ಅದು ಯಾವ ಕಂಪನಿಯ ಗೋಪುರ ಹಿಡಿಯುತ್ತದೆ? 'ಯಾವುದರ ಸಿಗ್ನಲ್ ಜೋರೋ ಅದನ್ನು' ಅಂತ ನಮ್ಮ ಖೋಲಿಯಲ್ಲಿ ಎಲ್ಲರೂ ಹೇಳ್ತಾರೆ. ಅದು ಹಾಗಲ್ಲ.

ವಾಣಿಜ್ಯ ಓದುವ ನನಗೆ ಇದು ಇಲ್ಲಿಯ ಸಗಟು ಪೇಟೆಯ ಉದ್ರಿ ವ್ಯವಹಾರದ ಹಾಗೆ ಕಾಣುತ್ತದೆ. ಪರಊರಿನ ವ್ಯಾಪಾರಿಗೆ ಸೇಠ ಮುಖ ನೋಡಿ ಉದ್ರಿ ಕೊಡೋದಿಲ್ಲ, ಅವನ ಊರಿನ ಪೇಢಿಯನ್ನು ವಿಚಾರಿಸಿ ಕೊಡುತ್ತಾನೆ.

ಸಿಮ್ಮಿನೊಳಗೆ ಒಂದು ಸಂಖ್ಯೆ ಉಂಟು. ಅದರ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ಮುಂದಿನವು ಕಂಪನಿ ಮತ್ತು ವಲಯದವು. ಏರ್‌ಟೆಲ್‌ಗೆ ಕರ್ನಾಟಕದಲ್ಲಿ 404-45, ಮಹಾರಾಷ್ಟ್ರದಲ್ಲಿ 404-90. ಹೆಸರು ಒಂದೇ, ಖಾತೆ ಬೇರೆ. ಪ್ರತಿ ಗೋಪುರವೂ ತನ್ನ ಸಂಖ್ಯೆಯನ್ನು ಸದಾ ಸಾರುತ್ತಿರುತ್ತದೆ. ಫೋನು ಚಾಲೂ ಆದೊಡನೆ ಕಡೆಯ ಬಾರಿ ಹಿಡಿದಿದ್ದ ಜಾಲವನ್ನು ಹುಡುಕುತ್ತದೆ. ಸಿಗದಿದ್ದರೆ ತವರಿನ ಜಾಲ. ಅದೂ ಇಲ್ಲದಿದ್ದರೆ ಸಿಮ್ಮಿನಲ್ಲಿ ಕಂಪನಿ ಬರೆದಿಟ್ಟ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಪಟ್ಟಿ ಮುಗಿದ ಮೇಲಷ್ಟೇ ಉಳಿದವರ ಸರದಿ. ಅಂದರೆ ಮೊದಲು ಒಪ್ಪಂದ, ಆಮೇಲೆ ಸಿಗ್ನಲ್. ಪರರ ಜಾಲದಲ್ಲಿ ಕೂತಿದ್ದರೂ ಗೊತ್ತಾದ ಅವಧಿಗೊಮ್ಮೆ, ಸಿಮ್ಮಿನಲ್ಲಿ ಬೇರೆ ಹೇಳದಿದ್ದರೆ 60 ನಿಮಿಷಕ್ಕೊಮ್ಮೆ, ತವರು ಸಿಕ್ಕೀತೇ ಅಂತ ಇಣುಕುತ್ತದೆ!

ಇನ್ನೊಂದು ಪಟ್ಟಿ ಇದೆ, ಬಹಿಷ್ಕಾರದ್ದು. 'ನಿನ್ನ ಕಂಪನಿಗೂ ನಮಗೂ ವ್ಯವಹಾರವಿಲ್ಲ' ಅಂತ ಒಂದು ಜಾಲ ತಿರಸ್ಕರಿಸಿದರೆ ಫೋನು ಅದರ ಸಂಖ್ಯೆಯನ್ನು ಬರೆದುಕೊಂಡು, ತಾನಾಗಿ ಮತ್ತೆ ಅತ್ತ ಹೋಗುವುದಿಲ್ಲ. ನಾವೇ ಕೈಯಾರೆ ಆರಿಸಿದರೆ ಮಾತ್ರ ಇನ್ನೊಮ್ಮೆ ಕೇಳಿ ನೋಡುತ್ತದೆ.

ನಮ್ಮ ಖೋಲಿಯ ಕಾಕಾ ಕಾಳಿನ ಅಂಗಡಿಯಲ್ಲಿ ತೂಕಕ್ಕಿದ್ದಾರೆ. ಯಾರೋ ಹುಡುಗ 'ಇದಕ್ಕೆ ಪೂರಾ ಕಡ್ಡಿ ಅದಾವ' ಅಂತ ಅವರ ಫೋನಿನಲ್ಲಿ ಬೇರೊಂದು ಜಾಲವನ್ನು ಕೈಯಾರೆ ಆರಿಸಿಟ್ಟ. ಕೈಯಾರೆ ಆರಿಸಿದರೆ ಫೋನು ಬೇರೆ ಕಡೆ ನೋಡದು. ಆ ಜಾಲವೋ ಒಳಗೆ ಬಿಡದು. ಕಡ್ಡಿ ಪೂರಾ, ಆದರೆ ತುರ್ತು ಕರೆ ಮಾತ್ರ. ಊರಲ್ಲಿ ಮಗಳ ಹೆರಿಗೆ. ಎರಡು ದಿನ ಮೂಕಾಗಿದ್ದ ಫೋನು ಹಿಡಿದುಕೊಂಡು ಕಾಕಾ 'ಯಾರೂ ಹಚ್ಚಲೇ ಇಲ್ಲ ನೋಡಪಾ' ಅನ್ನುತ್ತಿದ್ದರು. ಕೂಸು ಹುಟ್ಟಿದ ಸುದ್ದಿ ಮೂರನೇ ದಿನ ಸೇಠನ ಫೋನಿಗೆ ಬಂತು. 'ಸ್ವಯಂಚಾಲಿತ' ಅಂತ ಬದಲಿಸಿದ ಮೇಲೆ ಅವರ ಫೋನೂ ಮಾತಾಡಿತು.

ಇನ್ನು ಪೇಢಿಯ ವಿಚಾರಣೆ. ನಾಗಪುರದ ಜಾಲ ನಮ್ಮ ತವರಿನ ದಫ್ತರವನ್ನು ಕೇಳುತ್ತದೆ: ಇವರು ನಿಮ್ಮ ಗಿರಾಕಿಯೇ? ಹೌದೆಂದ ತವರು 'ಈತ ಈಗ ನಾಗಪುರದಲ್ಲಿ' ಅಂತ ಬರೆದುಕೊಳ್ಳುತ್ತದೆ. ಅವ್ವ ಊರಿಂದ ಹಚ್ಚಿದ ಕರೆ ಮೊದಲು ತವರಿಗೇ ಹೋಗಿ, ಈ ದಫ್ತರ ನೋಡಿಸಿಕೊಂಡು ಇತ್ತ ಬರುತ್ತದೆ. ಅವ್ವನ ಲೆಕ್ಕದಲ್ಲಿ ಅದು ರಾಜ್ಯದೊಳಗಿನ ಕರೆ. ಮುಂದಿನ ದಾರಿಖರ್ಚು ಎತ್ತಿಕೊಂಡವನ ಮೇಲೆ. ಬರುವ ಕರೆಗೂ ದುಡ್ಡು ಹಿಡಿಯುತ್ತಿದ್ದುದು ಇದಕ್ಕೇ. ಬಿಎಸ್‌ಎನ್‌ಎಲ್ 2015ರ ಜೂನ್‌ನಲ್ಲಿ, ಏರ್‌ಟೆಲ್ 2017ರ ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟವು. ಆದರೂ ಕಾಕಾ ಇವತ್ತಿಗೂ ಊರಿನ ಕರೆಯನ್ನು ಕತ್ತರಿಸಿ ತಾವೇ ತಿರುಗಿ ಹಚ್ಚುತ್ತಾರೆ.